ನಿಮಗಿದು ಗೊತ್ತೇ? ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕರೆಂಟ್ ಕಾರು

ಪೆಟ್ರೋಲ್ ಟ್ಯಾಂಕೂ ಇದ್ದು, ರಾತ್ರಿ ಮನೆಯ ಸಾಕೆಟ್‌ಗೆ ಸಿಕ್ಕಿಸಿ ಚಾರ್ಜ್ ಮಾಡಲೂ ಬರುವ ಕಾರು ಪ್ಲಗ್-ಇನ್ ಹೈಬ್ರಿಡ್. ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಅಂಥ ಹಳೆಯ ಹ್ಯಾಚ್‌ಬ್ಯಾಕ್ ಸುಲಭವಾಗಿ ಸಿಗುತ್ತದೆ. ಮೈಸೂರಿನಲ್ಲಿ ಅದೇ ಅನುಕೂಲ ಬೇಕೆಂದರೆ ಏನು ಕೊಳ್ಳಬೇಕು, ಏನು ನೋಡಿ ಕೊಳ್ಳಬೇಕು ಎಂದು ಕೇಳುವವರಿಗಾಗಿ ಈ ಕಂತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಊರಿನ ಓಡಾಟಕ್ಕೆ ದೊಡ್ಡ ಬ್ಯಾಟರಿ ಬೇಕಿಲ್ಲ. ಆರೋಗ್ಯವಾಗಿರುವ ಸಣ್ಣ ಬ್ಯಾಟರಿ ಮತ್ತು ದಿನಾ ರಾತ್ರಿ ಪ್ಲಗ್ ಹಾಕುವ ಅಭ್ಯಾಸ, ಇವೆರಡಿದ್ದರೆ ಸಾಕು.

● ಪ್ಲಗ್-ಇನ್ ಹೈಬ್ರಿಡ್ ಹ್ಯಾಚ್‌ಬ್ಯಾಕನ್ನು ಯಾವ ಕಂಪನಿಯೂ ಭಾರತದ ಸಾಮಾನ್ಯ ಕೊಳ್ಳುಗನಿಗೆಂದು ತಂದು ಮಾರಲಿಲ್ಲ. ಇಲ್ಲಿಗೆ ಬಂದ ಪ್ಲಗ್-ಇನ್‌ಗಳೆಲ್ಲ ಸಿರಿವಂತರ ಗಾಡಿಗಳು. 2015ರಲ್ಲಿ ಬಿಎಂಡಬ್ಲ್ಯು ಐ8 ಬಂತು. 2016ರಲ್ಲಿ ಬಂದ ವೋಲ್ವೊ ಎಕ್ಸ್‌ಸಿ90 ಟಿ8 ಬೆಲೆ ಒಂದು ಕೋಟಿ ರೂಪಾಯಿ ಮೀರಿತ್ತು.

● ವಿದೇಶದಿಂದ ಹಳೆಯದೊಂದನ್ನು ತರಿಸಿಕೊಳ್ಳೋಣವೆಂದರೆ ನಿಯಮ ಬಿಡುವುದಿಲ್ಲ. ಬಳಸಿದ ಕಾರು ತಯಾರಾಗಿ ಮೂರು ವರ್ಷ ದಾಟಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಮೇಲೆ ಭಾರಿ ಸುಂಕ. ಅಮೆರಿಕದ ಹಳೆಯ ಪ್ಲಗ್-ಇನ್ ಕಾರು ಷೆವ್ರೊಲೆ ವೋಲ್ಟ್ ಎರಡು ಷರತ್ತುಗಳಲ್ಲೂ ಸೋಲುತ್ತದೆ.

● ಜಗತ್ತಿನಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಾದ ಪ್ಲಗ್-ಇನ್ ಹೈಬ್ರಿಡ್ ಚೀನಾದ ಬಿವೈಡಿ ಎಫ್3ಡಿಎಂ, 2008ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. ವೋಲ್ಟ್ ಬಂದದ್ದು 2010ರ ಕೊನೆಗೆ. ಅದರ 16 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿ ಪೆಟ್ರೋಲ್ ಮುಟ್ಟದೆ ಸುಮಾರು 56 ಕಿ.ಮೀ. ಓಡಿಸುತ್ತಿತ್ತು. 2012ರ ಟೊಯೊಟಾ ಪ್ರಿಯಸ್ ಪ್ಲಗ್-ಇನ್‌ಗೆ ಇದ್ದದ್ದು 4.4 ಯೂನಿಟ್ ಮಾತ್ರ, ಇಪ್ಪತ್ತು ಕಿ.ಮೀ. ಒಳಗೇ ಎಂಜಿನ್ ಎದ್ದುಕೊಳ್ಳುತ್ತಿತ್ತು.

● ಈ 56 ಕಿ.ಮೀ. ಅನ್ನು ಮೈಸೂರಿನ ಮೇಲೆ ಇಟ್ಟು ನೋಡಿ. ಕುವೆಂಪುನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಸುಮಾರು 12 ಕಿ.ಮೀ. ಅರಮನೆಯ ಸುತ್ತಿನಿಂದ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ 10 ಕಿ.ಮೀ. ಆಸುಪಾಸು, ಶ್ರೀರಂಗಪಟ್ಟಣಕ್ಕೆ 16, ಕೆಆರ್‌ಎಸ್‌ಗೆ 20ರ ಒಳಗೆ, ನಂಜನಗೂಡಿಗೆ 24. ನಂಜುಂಡೇಶ್ವರನ ದರ್ಶನ ಮುಗಿಸಿ ವಾಪಸ್ ಬಂದರೂ ಬ್ಯಾಟರಿಯಲ್ಲಿ ಇನ್ನಷ್ಟು ಉಳಿದಿರುತ್ತಿತ್ತು. ಬೆಂಗಳೂರಿನವರು ಒಂದೇ ದಿನ ಕ್ರಮಿಸುವ ದೂರವನ್ನು ಮೈಸೂರಿನ ಎಷ್ಟೋ ಮನೆಗಳು ಎರಡು ಮೂರು ದಿನಕ್ಕೆ ಹಂಚಿ ಓಡುತ್ತವೆ. ಸಣ್ಣ ಬ್ಯಾಟರಿಯ ಕಾರಿಗೆ ಹೇಳಿ ಮಾಡಿಸಿದ ಊರು ಇದು.

● ಹಾಗಾದರೆ ಇಲ್ಲಿ ಸಿಗುವುದೇನು? ಪ್ಲಗ್ ಇರುವುದು ಬೇಕಿದ್ದರೆ ಪೂರ್ತಿ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್. ಪೆಟ್ರೋಲಿನ ಧೈರ್ಯ ಬೇಕಿದ್ದರೆ ಪ್ಲಗ್ ಇಲ್ಲದ ಹೈಬ್ರಿಡ್. ನಡುವಿನದು ಇಲ್ಲ.

● ಪ್ಲಗ್ ಇರುವ ಹ್ಯಾಚ್‌ಬ್ಯಾಕಿನ ಚರಿತ್ರೆ ನಮ್ಮ ರಾಜ್ಯದ್ದೇ. ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸೇರಿ 1994ರಲ್ಲಿ ಕಟ್ಟಿದ ಕಂಪನಿ 2001ರಲ್ಲಿ ರೇವಾ ಕಾರನ್ನು ರಸ್ತೆಗಿಳಿಸಿತು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್. ಮನೆಯ 15 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಿದರೆ ಎಂಟು ಗಂಟೆಯಲ್ಲಿ ತುಂಬಿ, 80 ಕಿ.ಮೀ. ಆಸುಪಾಸು ಓಡುತ್ತಿತ್ತು. ಇಡೀ ದೇಶ ಎಲೆಕ್ಟ್ರಿಕ್ ಕಾರಿನ ಮಾತೆತ್ತುವ ಎಷ್ಟೋ ವರ್ಷ ಮುಂಚೆ ರೇವಾ ರೂಪಿಸಿದ ಚೇತನ್ ಮೈನಿ ಈ ಕೆಲಸ ಮಾಡಿ ತೋರಿಸಿದರು. ಅವರಿಗೆ ಸಲ್ಲಬೇಕಾದಷ್ಟು ಗೌರವ ನಮ್ಮಿಂದ ಸಂದಿಲ್ಲ ಎಂದೇ ನನ್ನ ಭಾವನೆ.

● ಇದೇ ರೇವಾ ಲಂಡನ್ನಿನಲ್ಲಿ ಜಿ-ವಿಝ್ ಹೆಸರಿನಲ್ಲಿ ಓಡಿತು. 2003ರಲ್ಲಿ ಲಂಡನ್ ನಗರದ ನಡುಭಾಗಕ್ಕೆ ದಟ್ಟಣೆ ಶುಲ್ಕ ಬಂದಾಗ ಎಲೆಕ್ಟ್ರಿಕ್ ಕಾರಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿಗಾಗಿಯೇ ಅಲ್ಲಿನವರು ಬೆಂಗಳೂರಿನ ಬೊಮ್ಮಸಂದ್ರದಲ್ಲಿ ತಯಾರಾದ ಈ ಕಾರು ಕೊಂಡರು.

● 2010ರಲ್ಲಿ ಮಹೀಂದ್ರ ಈ ಕಂಪನಿಯ ಬಹುಪಾಲು ಷೇರು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ, 2016ರಲ್ಲಿ ನಾಲ್ಕು ಬಾಗಿಲಿನ ಇ2ಒ ಪ್ಲಸ್ ಬಂದವು. 2019ರಲ್ಲಿ ಮಾರಾಟ ನಿಂತಿತು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇ2ಒ ಕಡಿಮೆ ಬೆಲೆಗೆ ಸಿಕ್ಕರೆ ಕಾರಣ ಇದೇ: ಬಿಡಿಭಾಗ ಮತ್ತು ಬ್ಯಾಟರಿ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಮಾರುವವರ ಬಳಿ ಉತ್ತರ ಇರುವುದಿಲ್ಲ.

● ಯೆಜ್ಡಿ ಬೈಕು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆದರೂ ಆ ಬೈಕುಗಳು ಮೈಸೂರಿನಲ್ಲಿ ಇನ್ನೂ ಓಡುತ್ತಿವೆ, ಏಕೆಂದರೆ ಸ್ಪ್ಯಾನರ್ ಹಿಡಿಯಬಲ್ಲ ಮೆಕ್ಯಾನಿಕ್ ಅದನ್ನು ಬಿಚ್ಚಿ ಜೋಡಿಸಬಲ್ಲ. ಎಲೆಕ್ಟ್ರಿಕ್ ಕಾರಿಗೆ ಆ ಭಾಗ್ಯ ಇಲ್ಲ. ದೋಷ ಎಲ್ಲಿದೆ ಎಂದು ತಿಳಿಯಲು ಕಂಪನಿಯ ಸ್ಕ್ಯಾನರ್, ಕಂಪನಿಯ ಸಾಫ್ಟ್‌ವೇರ್ ಬೇಕು. ತಯಾರಿ ನಿಂತ ಮಾದರಿಯನ್ನು ದಿನಬಳಕೆಗೆ ಕೊಳ್ಳುವ ಮೊದಲು, ಅದನ್ನು ಇವತ್ತಿಗೂ ರಿಪೇರಿ ಮಾಡುವ ಸರ್ವಿಸ್ ಸೆಂಟರ್ ಮೈಸೂರಿನಲ್ಲಿ ಇದೆಯೇ ಎಂದು ಹೋಗಿ ಕೇಳಿ ಬನ್ನಿ. ಫೋನಿನಲ್ಲಿ ಕೇಳಿದರೆ ಸಾಲದು.

● ದಿನಬಳಕೆಗೆ ಈಗ ಯೋಚಿಸಬಹುದಾದ ಹಳೆಯ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್‌ಗಳಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಟಾಟಾ ಟಿಯಾಗೊ ಇವಿ (ಬ್ಯಾಟರಿ 19.2 ಅಥವಾ 24 ಯೂನಿಟ್) ಮತ್ತು 2023ರಲ್ಲಿ ಬಂದ ಎಂಜಿ ಕಾಮೆಟ್ (17.3 ಯೂನಿಟ್) ಮುಖ್ಯವಾದವು. 24 ಯೂನಿಟ್ ಟಿಯಾಗೊಗೆ ಪ್ರಯೋಗಾಲಯದ ಲೆಕ್ಕ 315 ಕಿ.ಮೀ. ರಸ್ತೆಯಲ್ಲಿ 200ರ ಆಸುಪಾಸು ಸಿಕ್ಕರೆ ಕಾರು ಚೆನ್ನಾಗಿದೆ ಎಂದೇ ತಿಳಿಯಿರಿ.

● ಹಳೆಯ ಕಾರಿನ ಜಾಹೀರಾತಿನಲ್ಲಿ ‘ಹೈಬ್ರಿಡ್’ ಎಂದು ಕಂಡ ಕೂಡಲೇ ಹಿಗ್ಗಬೇಡಿ. ಮಾರುತಿಯ ಸಿಯಾಜ್, ಎರ್ಟಿಗಾ, 2019ರ ಬಲೆನೊಗಳ ಮೇಲಿದ್ದ ‘ಸ್ಮಾರ್ಟ್ ಹೈಬ್ರಿಡ್’ ಫಲಕ ಎಂಜಿನ್‌ಗೆ ಒಂದಿಷ್ಟು ಕೈನೆರವು ಕೊಡುವ ಸಣ್ಣ ಏರ್ಪಾಡು. ಬರೀ ಬ್ಯಾಟರಿಯಲ್ಲಿ ಆ ಕಾರುಗಳು ಒಂದು ಅಡಿಯೂ ಚಲಿಸುವುದಿಲ್ಲ.

● ನಿಜವಾದ ಹೈಬ್ರಿಡ್ ಬೇಕೆಂದರೆ ಅದು ಹುಟ್ಟುವುದು ನಮ್ಮ ದಾರಿಯಲ್ಲೇ. ಮೈಸೂರು–ಬೆಂಗಳೂರು ಹೆದ್ದಾರಿಯ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಿಸಲು ಶುರುಮಾಡಿತು. 2022ರಿಂದ ಅರ್ಬನ್ ಕ್ರೂಸರ್ ಹೈರೈಡರ್, ಇನ್ನೋವಾ ಹೈಕ್ರಾಸ್ ಅಲ್ಲಿಂದ ಬರುತ್ತಿವೆ. ಮಾರುತಿಯ ಗ್ರಾಂಡ್ ವಿಟಾರಾ ಕೂಡ ಬಿಡದಿಯಲ್ಲೇ ತಯಾರಾಯಿತು. ಹೈರೈಡರ್ ಬ್ಯಾಟರಿ ಕೇವಲ 0.76 ಯೂನಿಟ್‌ನದು. ಪ್ಲಗ್ ಇಲ್ಲ, ಬ್ರೇಕ್ ಹಿಡಿದಾಗಲೂ ಎಂಜಿನ್ ಓಡುವಾಗಲೂ ತಾನೇ ತುಂಬಿಕೊಳ್ಳುತ್ತದೆ.

● ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್, ಮೈಸೂರು ನಗರ 770 ಮೀಟರ್. ಅಂದರೆ ಸರಿಸುಮಾರು 300 ಮೀಟರ್ ಏರು. ಜನರೂ ಸೇರಿ 1,500 ಕಿಲೋ ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾದ ಶಕ್ತಿ 1.2 ಯೂನಿಟ್. ರಸ್ತೆಯ ಓಟಕ್ಕೆ ತಗಲುವುದು ಬೇರೆ. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಅದರ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಟಿಯಾಗೊದಂಥ ಕಾರಿನಲ್ಲಿ ಇಳಿಯುತ್ತಾ ಹೋದಂತೆ ಶೇಕಡಾವಾರು ಏರುವುದನ್ನು ಕಣ್ಣಾರೆ ನೋಡಬಹುದು. ಹೈಬ್ರಿಡ್‌ನ ಪುಟ್ಟ ಬ್ಯಾಟರಿ ಮಾತ್ರ ಅರ್ಧ ದಾರಿಯಲ್ಲೇ ತುಂಬಿಬಿಡಬಹುದು. ಆಗ ಕಾರು ಎಂಜಿನ್ನನ್ನೇ ತಿರುಗಿಸಿ ವೇಗ ತಡೆಯುತ್ತದೆ. ಆ ಸದ್ದು ಕೇಳಿ ಗಾಬರಿಯಾಗಬೇಡಿ, ಅದು ದೋಷವಲ್ಲ. ಒಂದು ಎಚ್ಚರಿಕೆ: ಬೆಟ್ಟದ ಮೇಲೆ ಮನೆಯಿದ್ದು ಅಲ್ಲೇ ಪೂರ್ತಿ ಚಾರ್ಜ್ ಮಾಡಿ ಹೊರಟರೆ ಎಲೆಕ್ಟ್ರಿಕ್ ಕಾರಿಗೂ ಮರಳಿ ತುಂಬಿಕೊಳ್ಳಲು ಜಾಗವಿರುವುದಿಲ್ಲ. ಮೋಟಾರಿನ ತಡೆ ಕಡಿಮೆಯಾಗುತ್ತದೆ, ಬ್ರೇಕ್ ಹೆಚ್ಚು ಒತ್ತಬೇಕಾಗುತ್ತದೆ.

● ಬೆಂಗಳೂರು ಮೈಸೂರಿಗಿಂತ ಸುಮಾರು 150 ಮೀಟರ್ ಎತ್ತರದಲ್ಲಿದೆ. ಹೋಗುವಾಗ ಖರ್ಚಾದಷ್ಟು ಚಾರ್ಜ್ ಬರುವಾಗ ಖರ್ಚಾಗುವುದಿಲ್ಲ.

● ಊಟಿ 2,240 ಮೀಟರ್ ಎತ್ತರದಲ್ಲಿದೆ. ಮೈಸೂರಿನಿಂದ ಅಲ್ಲಿಗೆ ನಾಲ್ಕು ಜನ ಹೊರಟರೆ ಏರಿಗೆ ಮಾತ್ರವೇ ಸುಮಾರು 6 ಯೂನಿಟ್ ಬೇಕು, 24 ಯೂನಿಟ್ ಬ್ಯಾಟರಿಯ ಕಾಲುಭಾಗ. ದಾರಿಯ 125 ಕಿ.ಮೀ. ಲೆಕ್ಕ ಅದರ ಮೇಲೆ. ನಡುವೆ ಚಾರ್ಜಿಂಗಿಗೆ ನಿಲ್ಲುವವರು ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ಮರೆಯಬಾರದು. ಇಂಥ ಏರಿಗಾಗಿಯೇ ವೋಲ್ಟ್ ಕಾರಿನಲ್ಲಿ ‘ಮೌಂಟನ್ ಮೋಡ್’ ಎಂಬ ಆಯ್ಕೆ ಇತ್ತು. ಬೆಟ್ಟ ಬರುವ ಮುಂಚೆಯೇ ಒತ್ತಿದರೆ ಒಂದಿಷ್ಟು ಚಾರ್ಜನ್ನು ಕಾದಿರಿಸುತ್ತಿತ್ತು.

● ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗ, ಊರೊಳಗೆ ನಲವತ್ತರ ವೇಗ. ಪೆಟ್ರೋಲ್ ಕಾರು ಊರೊಳಗೆ ಹೆಚ್ಚು ಕುಡಿಯುತ್ತದೆ, ಎಲೆಕ್ಟ್ರಿಕ್ ಕಾರು ಹೆದ್ದಾರಿಯಲ್ಲಿ ಹೆಚ್ಚು ಕುಡಿಯುತ್ತದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ, ನೂರರ ಬದಲು ಎಂಬತ್ತರಲ್ಲಿ ಹೋದರೆ ಕಿ.ಮೀ. ಲೆಕ್ಕದಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗುತ್ತದೆ.

● ಬ್ಯಾಟರಿಯ ಆಯುಸ್ಸನ್ನು ತಿನ್ನುವುದು ಬಿಸಿ. ಏಪ್ರಿಲ್‌ನಲ್ಲೂ ಮೈಸೂರಿನ ಗರಿಷ್ಠ ಉಷ್ಣಾಂಶ ಸಾಮಾನ್ಯವಾಗಿ 35 ಡಿಗ್ರಿಯ ಆಸುಪಾಸು. ರಾಯಚೂರು, ಕಲಬುರಗಿಯಲ್ಲಿ 40 ದಾಟುತ್ತದೆ. ಒಂದೇ ವಯಸ್ಸಿನ ಎರಡು ಹಳೆಯ ಕಾರುಗಳಲ್ಲಿ ಮೈಸೂರಿನ ನೆರಳಿನಲ್ಲಿ ನಿಂತದ್ದನ್ನೇ ನಾನು ಆರಿಸುತ್ತೇನೆ. ಹಿಂದಿನ ಮಾಲೀಕರು ಎಲ್ಲಿ ನಿಲ್ಲಿಸುತ್ತಿದ್ದರು ಎಂದು ಕೇಳುವುದು ಕಿ.ಮೀ. ಎಷ್ಟಾಗಿದೆ ಎಂದು ಕೇಳುವಷ್ಟೇ ಮುಖ್ಯ.

● ಮನೆಯಲ್ಲಿ ಚಾರ್ಜ್ ಮಾಡುವ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ದಿನಕ್ಕೆ 25 ಕಿ.ಮೀ.ಯಂತೆ ತಿಂಗಳಿಗೆ 26 ದಿನ ಓಡಿಸಿದರೆ 650 ಕಿ.ಮೀ. ಯೂನಿಟ್‌ಗೆ 8 ಕಿ.ಮೀ. ಹಿಡಿದರೆ 81 ಯೂನಿಟ್, ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ 90ರ ಮೇಲೆ. ಈಗ ರಾಜ್ಯದ ಪುಕ್ಕಟೆ ವಿದ್ಯುತ್ ಯೋಜನೆ ಗೃಹಜ್ಯೋತಿ ನೆನಪಿಸಿಕೊಳ್ಳಿ. 2023ರ ಜುಲೈನಿಂದ ಜಾರಿಯಲ್ಲಿರುವ ಈ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ. ಮನೆಗೇ 120 ಯೂನಿಟ್ ಬೇಕಿರುವವರು ಕಾರನ್ನೂ ಅದೇ ಮೀಟರ್‌ಗೆ ಸಿಕ್ಕಿಸಿದರೆ 210 ದಾಟಿ, ಶೂನ್ಯ ಬಿಲ್ ಬರುತ್ತಿದ್ದ ಮನೆಗೆ ಪೂರ್ತಿ ಬಿಲ್ ಬರುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025ರ ಏಪ್ರಿಲ್‌ನಿಂದ ಗೃಹಬಳಕೆಗೆ ನಿಗದಿ ಮಾಡಿದ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಸ್ಥಿರ ಶುಲ್ಕ, ತೆರಿಗೆ ಬೇರೆ. 210 ಯೂನಿಟ್‌ಗೆ 1,200 ರೂಪಾಯಿ ಮೀರುತ್ತದೆ. ಹಾಗಿದ್ದರೂ ಧೈರ್ಯಗೆಡಬೇಕಿಲ್ಲ: ಅದೇ 650 ಕಿ.ಮೀ.ಗೆ ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರು 40 ಲೀಟರ್ ಕುಡಿಯುತ್ತದೆ, ಲೀಟರಿಗೆ ನೂರೇ ರೂಪಾಯಿ ಹಿಡಿದರೂ 4,000 ರೂಪಾಯಿ. ಉಳಿತಾಯ ಇದ್ದೇ ಇದೆ. ಮಾರುವವರು ಹೇಳುವ ‘ಚಾರ್ಜಿಂಗ್ ಹೆಚ್ಚುಕಡಿಮೆ ಪುಕ್ಕಟೆ’ ಎಂಬ ಮಾತು ಮಾತ್ರ ನಿಮ್ಮ ಮನೆಗೆ ಹೊಂದುತ್ತದೆಯೇ ಎಂದು ಹಳೆಯ ಬಿಲ್‌ಗಳನ್ನು ಹರಡಿಕೊಂಡು ನೋಡಿ.

● ವಾಹನ ಚಾರ್ಜಿಂಗಿಗೆಂದೇ ರಾಜ್ಯದ ದರಪಟ್ಟಿಯಲ್ಲಿ ಪ್ರತ್ಯೇಕ ವರ್ಗವೂ ಇದೆ, ಅದು ಎಲ್‌ಟಿ-6(ಸಿ). ಪ್ರತ್ಯೇಕ ಮೀಟರ್ ಹಾಕಿಸಿದರೆ ಲಾಭವೇ ಎಂಬುದನ್ನು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗ ಕಚೇರಿಯಲ್ಲಿ ಕೇಳಿ ತಿಳಿಯಬಹುದು.

● ಕಾರಿನ ಚಾರ್ಜರ್ ಗಂಟೆಗಟ್ಟಲೆ ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್ ಹತ್ತು ನಿಮಿಷಕ್ಕೆ ಆರುತ್ತದೆ, ಇದು ಬೆಳಗಿನವರೆಗೂ ಆರುವುದಿಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂನ ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್‌ನಲ್ಲೇ ಬರೆದಿರುತ್ತದೆ, ಕಡಿಮೆಯಿದ್ದರೆ ಹೆಚ್ಚಿಸಿಕೊಳ್ಳಿ. ಮೀಟರ್ ಬೋರ್ಡಿನಿಂದ ಪೋರ್ಟಿಕೊವರೆಗೆ ಬೇರೆಯೇ ವೈರ್, ಒಳ್ಳೆಯ 16 ಆಂಪಿಯರ್ ಸಾಕೆಟ್, ಸೋರಿಕೆ ಕಂಡರೆ ಕಟ್ ಆಗುವ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ಆಗಲು ಒಪ್ಪುವುದೇ ಇಲ್ಲ, ಅದು ಒಳ್ಳೆಯದೇ.

● ಬೀದಿಯಲ್ಲೇ ಕಾರು ನಿಲ್ಲಿಸುವ ಅಗ್ರಹಾರ, ಲಷ್ಕರ್ ಮೊಹಲ್ಲಾದಂಥ ಕಡೆ ಫುಟ್‌ಪಾತ್ ಮೇಲೆ ಎಕ್ಸ್‌ಟೆನ್ಷನ್ ವೈರ್ ಎಳೆದು ಚಾರ್ಜ್ ಮಾಡುವ ಯೋಚನೆ ಬೇಡ. ಮಳೆಯಲ್ಲಿ ಅದು ಪ್ರಾಣಕ್ಕೆ ಎರವಾಗುತ್ತದೆ. ಮನೆಯೊಳಗೆ ಜಾಗ ಇಲ್ಲದವರಿಗೆ ಪ್ಲಗ್ ಇಲ್ಲದ ಹೈಬ್ರಿಡ್ ಉತ್ತಮ.

● ವಿದೇಶದಲ್ಲಿರುವ ನಮ್ಮವರಿಗೊಂದು ಮಾತು: ಪ್ಲಗ್ ಹಾಕದ ಪ್ಲಗ್-ಇನ್ ಹೈಬ್ರಿಡ್‌ನಿಂದ ಯಾರಿಗೂ ಲಾಭವಿಲ್ಲ. ಯುರೋಪಿಯನ್ ಆಯೋಗ 2024ರಲ್ಲಿ ರಸ್ತೆಯ ಮೇಲಿನ ಕಾರುಗಳ ಅಂಕಿಅಂಶ ಪ್ರಕಟಿಸಿತು. ಪ್ಲಗ್-ಇನ್ ಹೈಬ್ರಿಡ್‌ಗಳು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಲೆಕ್ಕಕ್ಕಿಂತ ಸರಾಸರಿ ಮೂರೂವರೆ ಪಟ್ಟು. ಚಾರ್ಜ್ ಮಾಡದೆ ಬ್ಯಾಟರಿಯ ಭಾರ ಹೊತ್ತು ಪೆಟ್ರೋಲಿನಲ್ಲೇ ಓಡಿಸಿದ್ದು ಇದಕ್ಕೆ ದೊಡ್ಡ ಕಾರಣ.

● ಅದರ ತದ್ವಿರುದ್ಧವೂ ಆಗುತ್ತದೆ. ದಿನಾ ಚಾರ್ಜ್ ಮಾಡಿ ಓಡಿಸುವವರ ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ಕೂತು ಹಳಸುತ್ತದೆ. ಅದಕ್ಕೇ ವೋಲ್ಟ್ ಕಾರು ಸುಮಾರು ಆರು ವಾರ ಎಂಜಿನ್ ಓಡದಿದ್ದರೆ ತಾನೇ ಅದನ್ನು ಚಾಲೂ ಮಾಡಿಕೊಳ್ಳುತ್ತಿತ್ತು, ವರ್ಷ ದಾಟಿದ ಪೆಟ್ರೋಲನ್ನು ಸುಟ್ಟು ಮುಗಿಸುತ್ತಿತ್ತು.

● ಅಂಥ ಕಾರುಗಳಲ್ಲಿ ಪೆಟ್ರೋಲ್ ಆವಿ ಹೊರಹೋಗದಂತೆ ಟ್ಯಾಂಕನ್ನು ಒತ್ತಡದಲ್ಲಿ ಮುಚ್ಚಿಟ್ಟಿರುತ್ತಾರೆ. ಬಂಕಿನಲ್ಲಿ ಗುಂಡಿ ಒತ್ತಿ, ಕುಕ್ಕರಿನ ಆವಿ ಇಳಿಯಲು ಕಾಯುವಂತೆ ಕೆಲವು ಕ್ಷಣ ಕಾದ ಮೇಲೆಯೇ ಮುಚ್ಚಳ ತೆರೆಯುತ್ತದೆ. ವಿದೇಶದಲ್ಲಿ ಮಕ್ಕಳ ಕಾರು ಓಡಿಸುವ ಅಪ್ಪ ಅಮ್ಮಂದಿರು ಇದನ್ನು ತಿಳಿದಿರಲಿ.

● ಎಲೆಕ್ಟ್ರಿಕ್ ಇರಲಿ, ಹೈಬ್ರಿಡ್ ಇರಲಿ, ಒಳಗೆ ಇನ್ನೊಂದು ಸಾಮಾನ್ಯ 12 ವೋಲ್ಟ್ ಬ್ಯಾಟರಿ ಇದ್ದೇ ಇರುತ್ತದೆ. ಬಾಗಿಲ ಬೀಗ, ಪರದೆ, ಕಂಪ್ಯೂಟರ್ ಎಲ್ಲ ನಡೆಯುವುದು ಅದರಿಂದ. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಚಿಕ್ಕದು ಸತ್ತರೆ ಕಾರು ಏಳುವುದಿಲ್ಲ. ಎಷ್ಟೋ ಹಳೆಯ ಹೈಬ್ರಿಡ್‌ಗಳು ‘ದೊಡ್ಡ ರಿಪೇರಿ’ ಎಂಬ ಭಯದಲ್ಲಿ ಮಾರಾಟಕ್ಕೆ ಬರುವುದು ಕೆಲವು ಸಾವಿರ ರೂಪಾಯಿಯ ಈ ಬ್ಯಾಟರಿಯಿಂದ. ಕೊಂಡ ತಕ್ಷಣ ಅದರ ಮೇಲಿನ ದಿನಾಂಕ ನೋಡಿ. ಮೂರು ನಾಲ್ಕು ವರ್ಷ ಆಗಿದ್ದರೆ ಬದಲಿಸಿಬಿಡಿ.

● ಪ್ರಿಯಸ್, ಕ್ಯಾಮ್ರಿ ಹೈಬ್ರಿಡ್‌ಗಳ ಹಿಂದಿನ ಸೀಟಿನ ಬಳಿ ಸಣ್ಣ ಜಾಲರಿಯೊಂದಿದೆ. ಬ್ಯಾಟರಿ ತಂಪಾಗಲು ಗಾಳಿ ಎಳೆಯುವುದು ಅಲ್ಲಿಂದ. ಧೂಳು, ನಾಯಿಯ ಕೂದಲು ಕಟ್ಟಿಕೊಂಡರೆ ಬ್ಯಾಟರಿ ಕಾಯುತ್ತದೆ. ಅದರ ಮುಂದೆ ಚೀಲ, ದಿಂಬು ಇಡಬಾರದು.

● ಬಾನೆಟ್ ಎತ್ತಿದಾಗ ಕಾಣುವ ಕಿತ್ತಳೆ ಬಣ್ಣದ ದಪ್ಪ ವೈರ್‌ಗಳನ್ನು ಮುಟ್ಟಬೇಡಿ, ಮುಟ್ಟಲು ಬಿಡಬೇಡಿ. ಹಳೆಯ ರೇವಾದ 48 ವೋಲ್ಟ್ ಬೇರೆ, ಈಗಿನ ಕಾರುಗಳ ನೂರಾರು ವೋಲ್ಟ್ ಬೇರೆ.

● ಈ ಕಾರುಗಳಲ್ಲಿ ಬ್ರೇಕ್ ಪ್ಯಾಡ್ ಸವೆಯುವುದು ಬಹಳ ಕಡಿಮೆ, ಏಕೆಂದರೆ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡುತ್ತದೆ. ಕೆಲಸವಿಲ್ಲದ ಡಿಸ್ಕ್ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆಗಾಗ ಖಾಲಿ ರಸ್ತೆಯಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ತುಕ್ಕು ಕಳೆಯಿರಿ.

● ಟೈರ್ ಮಾತ್ರ ಬೇಗ ಸವೆಯುತ್ತದೆ. ಬ್ಯಾಟರಿಯ ಭಾರವೂ ಮೋಟಾರಿನ ಒಮ್ಮೆಲೇ ನುಗ್ಗುವ ಎಳೆತವೂ ಕಾರಣ. ವಿಕ್ರಾಂತ್ ಟೈರ್ ಹುಟ್ಟಿದ ಊರಿನವರಿಗೆ ಟೈರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಾಲ್ಕೂ ಟೈರಿನ ಗೆರೆಯ ಆಳ ನೋಡಿ ಬೆಲೆ ಮಾತಾಡಿ.

● ಹಂಪ್‌ಗಳಿಗೆ ತಗಲಿದ ಗುರುತು ಬ್ಯಾಟರಿಯ ಕೆಳತಟ್ಟೆಯ ಮೇಲಿರುತ್ತದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ ನೋಡದೆ ಕೊಳ್ಳಬೇಡಿ. ನೀರು ಒಳಹೋಗದ ಖಾತರಿ ಜಜ್ಜಿಹೋಗದ ಪೆಟ್ಟಿಗೆಗೆ ಮಾತ್ರ ಅನ್ವಯ.

● ಟಿಯಾಗೊ ಇವಿ ಬ್ಯಾಟರಿಗೂ ಟೊಯೊಟಾ ಹೈಬ್ರಿಡ್ ಬ್ಯಾಟರಿಗೂ ಕಂಪನಿ ಕೊಟ್ಟ ಖಾತರಿ 8 ವರ್ಷ ಅಥವಾ 1,60,000 ಕಿ.ಮೀ. 2023ರ ಕಾರಿಗೆ 2031ರವರೆಗೆ ಉಸಿರಾಡಲು ಜಾಗವಿದೆ. ಕೆಲವು ಕಂಪನಿಗಳ ‘ಜೀವಿತಾವಧಿ’ ಖಾತರಿ ಮೊದಲ ಮಾಲೀಕರಿಗಷ್ಟೇ ಸೀಮಿತ. ಎರಡನೇ ಮಾಲೀಕರಿಗೆ ಎಷ್ಟು ಉಳಿಯುತ್ತದೆ ಎಂದು ಬರವಣಿಗೆಯಲ್ಲಿ ಪಡೆಯಿರಿ.

● 2021ಕ್ಕಿಂತ ಮುಂಚೆ ಟ್ಯಾಕ್ಸಿ ಕಂಪನಿಗಳಿಗೆ ಹೋದ ಟಾಟಾ ಟಿಗೋರ್ ಇವಿ, ಮಹೀಂದ್ರ ಇ-ವೆರಿಟೊಗಳು ಈಗ ಅಗ್ಗವಾಗಿ ಕಾಣಿಸಬಹುದು. ಅವುಗಳ ಫಾಸ್ಟ್ ಚಾರ್ಜಿಂಗ್ ಜಿಬಿ/ಟಿ ಎಂಬ ಪ್ಲಗ್ ಮಾದರಿಯದು. ಈಗ ಹೆದ್ದಾರಿಗಳಲ್ಲಿ ಹಾಕುತ್ತಿರುವುದು ಬಹುತೇಕ ಸಿಸಿಎಸ್2 ಮಾದರಿ, ಒಂದಕ್ಕೊಂದು ಹೊಂದುವುದಿಲ್ಲ.

● ಹಸಿರು ನಂಬರ್ ಪ್ಲೇಟ್ ಪೂರ್ತಿ ಎಲೆಕ್ಟ್ರಿಕ್ ಕಾರಿಗೆ ಮಾತ್ರ. ಬಿಳಿ ಅಕ್ಷರ ಇದ್ದರೆ ಸ್ವಂತ ಬಳಕೆಯದು, ಹಳದಿ ಅಕ್ಷರ ಇದ್ದರೆ ಬಾಡಿಗೆಯದು. ಬಾಡಿಗೆ ಗಾಡಿಯನ್ನು ಸ್ವಂತಕ್ಕೆ ಬದಲಿಸಿಕೊಂಡಿರಬಹುದು ಎಂಬ ಅನುಮಾನವಿದ್ದರೆ ಕಾರಿನ ಹಳೆಯ ಫೋಟೊ ಕೇಳಿ.

● ಬೆಂಗಳೂರಿನ ಕೆಎ-01 ಕಾರನ್ನು ತಂದು ಮೈಸೂರಿನಲ್ಲಿ ಓಡಿಸಲು ಕೆಎ-09 ಅಥವಾ ಕೆಎ-55 ನಂಬರ್ ಬೇಕಿಲ್ಲ. ರಾಜ್ಯದೊಳಗೆ ಮಾಲೀಕತ್ವದ ವರ್ಗಾವಣೆ, ನಮೂನೆ 29 ಮತ್ತು 30, ಸಾಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಜೊತೆಗೆ ಹಿಂದಿನ ಮಾಲೀಕರ ಮೊಬೈಲ್ ಆ್ಯಪ್‌ನಿಂದ ಕಾರನ್ನು ಬಿಡಿಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿದೆ ಎಂದು ಅವರಿಗೆ ಕಾಣುತ್ತಲೇ ಇರುತ್ತದೆ.

● ಕೇಂದ್ರ ಸರ್ಕಾರ 2022ರಲ್ಲಿ ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ಎಲೆಕ್ಟ್ರಿಕ್ ಕಾರಿಗೆ ಶೇ 15, ಹೈಬ್ರಿಡ್‌ಗೆ ಶೇ 7.5 ರಿಯಾಯಿತಿ ಪ್ರಕಟಿಸಿತು. 2021ರಲ್ಲಿ ಬ್ಯಾಟರಿ ವಾಹನಗಳ ಆರ್‌ಸಿ ನವೀಕರಣ ಶುಲ್ಕವನ್ನು ಮನ್ನಾ ಮಾಡಿತು. ಹದಿನೈದು ವರ್ಷ ದಾಟಿದ ರೇವಾ ಇಟ್ಟುಕೊಂಡವರಿಗೆ ಇದು ಉಪಯೋಗದ ಮಾತು.

● ಹಳೆಯ ಕಾರಿಗೆ ಶೇ 18 ಜಿಎಸ್‌ಟಿ ಎಂಬ ಸುದ್ದಿ 2024ರ ಡಿಸೆಂಬರ್‌ನಲ್ಲಿ ಹಲವರನ್ನು ಹೆದರಿಸಿತು. ಆ ತೆರಿಗೆ ನೋಂದಾಯಿತ ಡೀಲರ್‌ನ ಲಾಭಾಂಶದ ಮೇಲೆ, ಕಾರಿನ ಪೂರ್ತಿ ಬೆಲೆಯ ಮೇಲಲ್ಲ. ಮನೆಯವರಿಂದ ಮನೆಯವರು ನೇರವಾಗಿ ಕೊಂಡರೆ ಅದು ಇಲ್ಲವೇ ಇಲ್ಲ.

● ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ ಹೋಗಿ, 1908ರಲ್ಲಿ ಮೈಸೂರನ್ನು ಬೆಳಗಿಸಿತು. ಬೇರೆ ರಾಜ್ಯಗಳಿಗಿಂತ ಮುಂಚೆ, 2017ರಲ್ಲೇ, ಎಲೆಕ್ಟ್ರಿಕ್ ವಾಹನ ನೀತಿ ತಂದದ್ದೂ ಕರ್ನಾಟಕವೇ.

● ಕೊನೆಯದಾಗಿ ಕೊಳ್ಳುವ ಮುನ್ನಿನ ಪರೀಕ್ಷೆ. ಮೀಟರ್ ತೋರಿಸುವ ‘ಇನ್ನು ಇಷ್ಟು ಕಿ.ಮೀ.’ ಸಂಖ್ಯೆಯನ್ನು ನಂಬಬೇಡಿ, ಅದು ಹಿಂದಿನ ಓಟದ ಮೇಲೆ ಊಹಿಸಿದ್ದು. ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿಯ ಆರೋಗ್ಯದ ವರದಿ ತೆಗೆಸಿ. ಆಮೇಲೆ ನೀವೇ ಓಡಿಸಿ ನೋಡಿ. ಮೈಸೂರಿನ ಹೊರ ವರ್ತುಲ ರಸ್ತೆ ಒಂದು ಸುತ್ತಿಗೆ ಸುಮಾರು 42 ಕಿ.ಮೀ. ಹೊರಡುವಾಗ ಬ್ಯಾಟರಿ ಶೇಕಡಾ ಎಷ್ಟಿತ್ತು, ಮುಗಿದಾಗ ಎಷ್ಟಿದೆ ಎಂದು ಬರೆದುಕೊಳ್ಳಿ. ಶೇ 20 ಇಳಿದಿದ್ದರೆ ಪೂರ್ತಿ ಚಾರ್ಜಿಗೆ 210 ಕಿ.ಮೀ.; ಶೇ 30 ಇಳಿದಿದ್ದರೆ 140. ನಿಮ್ಮ ಮನೆಯ ದಿನದ ಓಟ 30 ಕಿ.ಮೀ. ಆಗಿದ್ದರೆ 140 ಸಿಕ್ಕ ಕಾರೂ ಕೆಲಸಕ್ಕೆ ಬರುತ್ತದೆ, ಆದರೆ ಅದಕ್ಕೆ ತಕ್ಕ ಕಡಿಮೆ ಬೆಲೆಗೆ ಕೇಳಿ. ಒಂದು ಸುತ್ತು ಓಡಿಸಲು ಒಪ್ಪದ ಮಾಲೀಕರ ಕಾರನ್ನು ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.